ಕುಂಡದಲ್ಲಿ ನೆಟ್ಟ ಹಲ್ಲು

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಅಮ್ಮನಿಗೆ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಬಂದ ದಿನವೇ ಓದಿದೆ. ಹರಿದು ಬಿಸಾಕಬೇಕು ಅಂದುಕೊಂಡವಳು ಅದನ್ನು ನಾಲ್ಕಾಗಿ ಮಡಿಸಿ ಕೈಚೀಲದ ಒಳಜೇಬಿನಲ್ಲಿಟ್ಟೆ. ಇಪ್ಪತ್ತೇಳು ವರ್ಷದ ಮೇಲೆ ಬರೆದ ಕಾಗದದಲ್ಲಿ ನೀನು ಕ್ಷಮಿಸು ಅಂತ ಕೇಳಿರಲಿಲ್ಲ, ಯಾಕೆ ಹೋದೆ ಅಂತಲೂ ಹೇಳಿರಲಿಲ್ಲ. ಒಂದು ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ, ಮಂಡಿನೋವು ಜಾಸ್ತಿಯಾಗಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ ಅಂತ ಬರೆದಿದ್ದೆ. ಕೊನೆಯಲ್ಲಿ ಒಂದೇ ಪ್ರಶ್ನೆ: ‘ಮಕ್ಕಳು ಹೇಗಿದ್ದಾರೆ? ತುಂಬಾ ತುಂಟರಾ?’

ಆ ಪ್ರಶ್ನೆಗೆ ಉತ್ತರ ಬರೆಯಲು ಕೂತಿದ್ದೇನೆ. ಮೊದಲು ಅದನ್ನೇ ಬರೆಯುತ್ತೇನೆ.

ಇಬ್ಬರು. ದೊಡ್ಡವಳಿಗೆ ಆರು, ಸಣ್ಣವನಿಗೆ ಮೂರೂವರೆ. ಶಾಲೆಯ ಹಾಜರಿಯಲ್ಲಿ ಅವರಿಗೆ ಬೇರೆ ಹೆಸರಿದೆ, ಆದರೆ ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಚಿಕ್ಕಜ್ಜಿ, ಅವನು ಟಗರು. ಟಗರು ಯಾಕೆಂದರೆ ಅವನಿಗೆ ಸಿಟ್ಟು ಬಂದರೆ ಬಾಯಲ್ಲಿ ಮಾತು ಬರುವುದಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ತಲೆ ತಗ್ಗಿಸಿ, ಓಡಿಬಂದು ಎದುರಿಗಿದ್ದವರ ಹೊಟ್ಟೆಗೆ ಗುದ್ದುತ್ತಾನೆ. ಎದುರಿಗಿರುವುದು ಗೋಡೆಯಾದರೆ ಗೋಡೆಗೇ. ಚಿಕ್ಕಜ್ಜಿಗೆ ಆ ಹೆಸರು ಬರಲು ನನ್ನ ಕೆಲಸವೇ ಕಾರಣ.

ನಾನೇನು ಕೆಲಸ ಮಾಡುತ್ತೇನೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಹಲ್ಲಿನ ಸೆಟ್ಟು ಮಾಡುತ್ತೇನೆ. ಡಾಕ್ಟರು ಮುದುಕರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತೇನೆ. ಬಾಯಿಗೆ ಸರಿಹೊಂದಿತು ಅಂತ ಡಾಕ್ಟರು ಹೇಳಿದ ಮೇಲೆ ಗಟ್ಟಿ ಮಾಡಿ, ಉಜ್ಜಿ, ಹೊಳಪು ಕೊಡುತ್ತೇನೆ. ಮೊದಲು ದೊಡ್ಡ ಲ್ಯಾಬಿನಲ್ಲಿದ್ದೆ. ಟಗರು ಹುಟ್ಟಿದ ಮೇಲೆ ಮನೆಯ ಹಿಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಮೇಣ ಕರಗಿಸುವ ಸ್ಪಿರಿಟ್ ದೀಪ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಅಪರಿಚಿತರ ಒಸಡುಗಳು. ಒಂದು ದಿನ ನಾನು ಹಾಲು ಕಾಯಿಸಿ ಬರುವಷ್ಟರಲ್ಲಿ ದೊಡ್ಡವಳು ಒಂದು ಮೇಣದ ಸೆಟ್ಟನ್ನು ಬಾಯಿಗೆ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, “ಏನವ್ವಾ, ಕಾಲ ಕೆಟ್ಟೋಯ್ತು, ಈಗಿನ ಮಕ್ಕಳು ಮಾತೇ ಕೇಳಲ್ಲ” ಅಂತ ತಮ್ಮನಿಗೆ ಬುದ್ಧಿ ಹೇಳುತ್ತಿದ್ದಳು. ನಾನು ಬೈಯಬೇಕು ಅಂತ ಬಾಯಿ ತೆಗೆದವಳು ಹೊಟ್ಟೆ ಹಿಡಿದುಕೊಂಡು ನಕ್ಕು ನೆಲದ ಮೇಲೆ ಕೂತುಬಿಟ್ಟೆ. ಅವತ್ತಿನಿಂದ ಅವಳು ಚಿಕ್ಕಜ್ಜಿ. ಆ ಸೆಟ್ಟನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು, ಅದು ಬೇರೆ ಮಾತು.

ಇನ್ನೂ ಕೇಳು. ಹಾಸಿಗೆಯ ಮೇಲೆ ಒಂದು ಡಬ್ಬ ಪೌಡರು ಸುರಿದು, ಫ್ಯಾನು ಹಾಕಿ, ಹಿಮ ಬೀಳಿಸಿದರು. ಮೂರು ದಿನ ಮನೆಮಂದಿಯೆಲ್ಲ ಸೀನಿದೆವು. ಮನೆಗೆ ಬಂದವರ ಚಪ್ಪಲಿಗಳಲ್ಲಿ ಒಂದೊಂದನ್ನು ಮಾತ್ರ ಕಿಟಕಿಯಿಂದ ಬೀದಿಗೆ ಎಸೆದರು. ಎರಡೂ ಎಸೆದರೆ ಕಳ್ಳತನವಂತೆ, ಒಂದೇ ಎಸೆದರೆ ಆಟವಂತೆ. ಟಗರಿನ ಕೂದಲನ್ನು ಚಿಕ್ಕಜ್ಜಿ ಕತ್ತರಿಸಿದಳು, ಎಡಗಡೆ ಮಾತ್ರ. ಬಲಗಡೆ ಯಾಕೆ ಬಿಟ್ಟೆ ಅಂದರೆ “ಅಷ್ಟೊತ್ತಿಗೆ ನೀನು ಬಂದ್ಬಿಟ್ಟೆ” ಅಂದಳು. ಮೇಲಿನ ಮನೆಯ ಟೈಲರು ಒಬ್ಬರಿದ್ದಾರೆ, ಒಂಟಿ ಮನುಷ್ಯ, ಮಕ್ಕಳು ಅವರನ್ನು ಟೈಲರ್ ಮಾಮ ಅನ್ನುತ್ತಾರೆ. ಅವರ ಮನೆಯಿಂದ ಗುಂಡಿಗಳ ಡಬ್ಬಿ ಎತ್ತಿಕೊಂಡು ಬಂದು ಸಿಂಕಿನ ತೂತಿಗೆ ಒಂದೊಂದಾಗಿ ಹಾಕಿ ‘ಇದು ಕೆಳಗಿನ ಲೋಕದೋರಿಗೆ’ ಅಂದರು.

ಏನೇ ಮಾಡಿದರೂ ಕೊನೆಗೆ ಒಂದೇ ನಡೆಯುತ್ತಿತ್ತು. “ಯಾರು ಮಾಡಿದ್ದು?” ಅಂತ ನಾನು ಕಣ್ಣು ದೊಡ್ಡದು ಮಾಡಿದರೆ ಟಗರು ಅಕ್ಕನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದ. ಚಿಕ್ಕಜ್ಜಿ ಎದೆ ಮುಂದೆ ಮಾಡಿ “ನಾನೇ” ಅನ್ನುತ್ತಿದ್ದಳು. ಅವನೊಬ್ಬನೇ ಮಾಡಿದ್ದರೂ “ನಾನೇ”. ಅವಳು ಶಾಲೆಯಲ್ಲಿದ್ದಾಗ ನಡೆದದ್ದಕ್ಕೂ “ನಾನೇ”.

ಇಷ್ಟನ್ನು ಓದಿ ನೀನು ನಗುತ್ತಿರಬಹುದು. ನಗಲಿ ಅಂತಲೇ ಬರೆದೆ. ನಾನೂ ಮೊದಮೊದಲು ನಗುತ್ತಿದ್ದೆ, ಅಮ್ಮ. ಯಾವತ್ತು ನಿಂತಿತೋ ಗೊತ್ತಿಲ್ಲ.

ನಮ್ಮೆಜಮಾನರು ಲಿಫ್ಟ್ ಮೆಕ್ಯಾನಿಕ್. ಬೇರೆ ಬೇರೆ ಊರುಗಳ ಕಟ್ಟಡಗಳಲ್ಲಿ ಕೆಲಸ. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಒಳ್ಳೆಯ ಮನುಷ್ಯ, ದನಿ ಎತ್ತಿದ್ದೇ ಇಲ್ಲ. ಆದರೆ ಆ ನಾಲ್ಕು ದಿನ ನಾನು ಎಚ್ಚರವಾದಾಗಿನಿಂದ ಮಲಗುವವರೆಗೆ ಒಂದು ಕಣ್ಣು ಮೇಜಿನ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ. ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿಡಬೇಕು. ಕೂದಲಲ್ಲಿ ಸದಾ ಪ್ಲಾಸ್ಟರಿನ ಪುಡಿ. ಒಂದು ಹಲ್ಲು ಕೂರಿಸುವಷ್ಟರಲ್ಲಿ ಒಳಗೆ ಏನೋ ಬಿದ್ದ ಸದ್ದು. ಸದ್ದು ಬಂದರೆ ಪರವಾಗಿಲ್ಲ, ಸದ್ದೇ ಬರದಿದ್ದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಓಡುತ್ತಿದ್ದೆ. ಬೆಳಿಗ್ಗೆ ಕಣ್ಣು ಬಿಡುವ ಮುಂಚೆಯೇ ದಣಿವಾಗಿರುತ್ತಿತ್ತು. ಮಕ್ಕಳು “ಅಮ್ಮಾ” ಅಂತ ಕರೆದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ‘ಎಲ್ಲರ ಮನೆಯಲ್ಲೂ ಇದ್ದದ್ದೇ’ ಅನ್ನುತ್ತಿದ್ದರು. ಇದ್ದದ್ದೇ ಇರಬಹುದು. ಎಲ್ಲರೂ ಹೇಗೆ ತಡೆದುಕೊಳ್ಳುತ್ತಾರೆ ಅನ್ನುವುದು ಮಾತ್ರ ನನಗೆ ಗೊತ್ತಾಗಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಆರು ವಾರದ ಹಿಂದೆ, ಮಂಗಳವಾರ. ಒಬ್ಬ ನಿವೃತ್ತ ಮೇಷ್ಟ್ರ ಸೆಟ್ಟು ತಯಾರಾಗಿತ್ತು. ಎರಡು ತಿಂಗಳಿಂದ ಆ ಮನುಷ್ಯ ಮೆತ್ತಗಿನದನ್ನೇ ನುಂಗಿಕೊಂಡಿದ್ದರು. ಮರುದಿನ ಅವರು ಕಲಿಸಿದ ಶಾಲೆಯಲ್ಲಿ ಅವರಿಗೆ ಸನ್ಮಾನ. ಮೇಣದ ಸೆಟ್ಟನ್ನು ಬಾಯಿಗೆ ಹಾಕಿ ನೋಡುವ ಟ್ರಯಲ್ ದಿನ ನನ್ನನ್ನೂ ಡಾಕ್ಟರು ಕರೆಸಿದ್ದರು. ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, “ನೋಡಮ್ಮಾ, ಹಲ್ಲಿಲ್ದೆ ನಾನು ‘ಸ’ ಅಂದ್ರೆ ‘ಶ’ ಆಗತ್ತೆ. ಮೂವತ್ತು ವರ್ಷ ಹುಡುಗರಿಗೆ ಅದನ್ನೇ ತಿದ್ದಿದೋನು. ಅವರ ಮುಂದೇನೇ ನನ್ನ ಮರ್ಯಾದೆ ಹೋಗತ್ತೆ” ಅಂದಿದ್ದರು. ನಾಲ್ಕು ದಿನ ಕೂತು ಆ ಸೆಟ್ಟು ಮಾಡಿದ್ದೆ. ನಾನು ಮಾಡಿದ್ದರಲ್ಲೇ ಚೆನ್ನಾದದ್ದು ಅದು. ಮುಂದಿನ ಎರಡು ಹಲ್ಲನ್ನು, ಅವರ ಹಳೆಯ ಫೋಟೋದಲ್ಲಿದ್ದ ಹಾಗೆ, ಒಂದು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದೆ.

ನಾಲ್ಕು ಗಂಟೆಗೆ ಡಾಕ್ಟರಿಗೆ ತಲುಪಿಸಬೇಕು. ಎರಡೂವರೆಗೆ ನೋಡಿದರೆ ಡಬ್ಬಿ ಖಾಲಿ.

ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಹಾಸಿಗೆಯಡಿ, ಶೂಗಳ ಒಳಗೆ ಹುಡುಕಿದೆ. ಮಕ್ಕಳಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಗದರಿದೆ, ಗೋಗರೆದೆ, ಬಿಸ್ಕತ್ತು ತೋರಿಸಿದೆ. ಕೊನೆಗೆ ಟಗರಿನ ಕಣ್ಣು ಒಂದು ಕ್ಷಣ ಬಾಗಿಲ ಹೊರಗಿನ ಹೂಕುಂಡದ ಕಡೆ ಹೋಯಿತು. ಮಣ್ಣು ತೋಡಿದೆ. ಸಿಕ್ಕಿತು. ಮೇಲಿನದು ಸರಿಯಾಗಿತ್ತು. ಕೆಳಗಿನದನ್ನು ಕಲ್ಲಿನಿಂದ ಬಡಿದು ಒಳಗಿಳಿಸಿದ್ದರು, ನಡುಮಧ್ಯೆ ಸೀಳಿ ಎರಡಾಗಿತ್ತು.

“ಯಾರು?” ಅಂದೆ.

“ನಾನೇ,” ಅಂದಳು ಚಿಕ್ಕಜ್ಜಿ. “ತಾತನ್ನ ನೆಟ್ಟಿದ್ದು. ನೀರು ಹಾಕಿದ್ರೆ ಹುಟ್ತಾನೆ. ನಮ್ಗೆ ತಾತ ಇಲ್ವಲ್ಲ ಅದಕ್ಕೆ.”

ಅಪ್ಪ ತೀರಿಕೊಂಡು ಐದು ವರ್ಷವಾಯಿತು. ನಿನಗೆ ತಿಳಿದಿರಬಹುದು, ತಿಳಿಯದೆಯೂ ಇರಬಹುದು.

ಚಿಕ್ಕಜ್ಜಿಯ ಆ ಮಾತು ಈಗ ಬರೆಯುವಾಗ ನನಗೆ ಅರ್ಥವಾಗುತ್ತದೆ. ಅವತ್ತು ಆಗಲಿಲ್ಲ. ಅವತ್ತು ನಾನು ಡಾಕ್ಟರಿಗೆ ಫೋನು ಮಾಡಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, “ನೋಡಿ, ಇದು ಮೂರನೇ ಸಲ. ನಿಮ್ಮ ಕೈಕೆಲಸಕ್ಕೆ ಎದುರಿಲ್ಲ, ಆದ್ರೆ ನಿಮ್ಮನೇಲಿ ಕೆಲಸ ಆಗಲ್ಲ. ಇನ್ಮೇಲೆ ಬೇರೆಯವರಿಗೆ ಕೊಡ್ತೀನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೇಷ್ಟ್ರಿಗೆ ಏನು ಹೇಳಲಿ ಅಂತ ಕೇಳಿದೆ. “ನಾನೇ ಹೇಳ್ತೀನಿ ಬಿಡಿ” ಅಂತ ಫೋನು ಇಟ್ಟರು.

ಆಮೇಲೆ ನಾನು ಚಿಕ್ಕಜ್ಜಿಗೆ ಹೊಡೆದೆ.

ಒಂದೇಟು ಅಂತ ಎಲ್ಲರಿಗೂ ಹೇಳಿದ್ದೇನೆ. ಒಂದಲ್ಲ. ಕೆನ್ನೆಗೆ, ತೋಳಿಗೆ, ಬೆನ್ನಿಗೆ, ಕೈ ಎಲ್ಲಿ ಬಿತ್ತೋ ಅಲ್ಲಿ. ಟಗರು ಹಿಂದೆ ಹೋಗಿ ತಲೆ ತಗ್ಗಿಸಿದ, ಗುದ್ದಲಿಕ್ಕೆ. ನನ್ನ ಕೈ ಅವನ ಕಡೆ ತಿರುಗಿತು. ಅವಳು ಮಧ್ಯೆ ಬಂದು ನಿಂತಳು. ಅಳಲಿಲ್ಲ. “ಅವನು ಸಣ್ಣೋನು. ಅವನಿಗೆ ಬೇಡ. ನಂಗೇ ಇನ್ನೆರಡು ಹೊಡಿ” ಅಂದಳು.

ನಾನು ನಿಂತುಬಿಟ್ಟೆ. ಅಂಗೈ ಉರಿಯುತ್ತಿತ್ತು. ಈ ಮನೆಯಲ್ಲಿ ಇನ್ನೊಂದು ನಿಮಿಷ ಇದ್ದರೆ ಏನಾಗುತ್ತದೋ ಅಂತ ಭಯವಾಯಿತು. ಯಾರಿಂದ ಯಾರಿಗೆ ಅಂತ ಕೇಳಬೇಡ. ಕೈಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, “ಇಲ್ಲೇ ಇರಿ, ಬಂದೆ” ಅಂದು, ಹೊರಗಿನಿಂದ ಬೀಗ ಹಾಕಿಕೊಂಡು ಹೊರಟೆ.

ನಮ್ಮ ಬೀದಿ ತಿರುಗಿದರೆ ಬಸ್ ಸ್ಟಾಪು. ಬಸ್ಸು ಬಂತು, ಹತ್ತಿದೆ. ಎಲ್ಲಿಗೆ ಅಂತ ಕಂಡಕ್ಟರು ಕೇಳಿದಾಗ ಕೊನೆಯ ಸ್ಟಾಪು ಅಂದೆ. ಎಲ್ಲರಿಗೂ ನಾನು ಹೇಳಿರುವುದು ಔಷಧಿ ತರಲು ಹೋಗಿದ್ದೆ, ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು ಅಂತ. ನಮ್ಮೆಜಮಾನರಿಗೂ ಹಾಗೇ ಹೇಳಿದ್ದೇನೆ. ನಿನಗೆ ಸುಳ್ಳು ಹೇಳಿ ಏನು ಪ್ರಯೋಜನ? ನೀನು ಹೋದ ದಿನ ಅಪ್ಪ ನಮಗೆ ಹೇಳಿದ್ದೂ ಅದನ್ನೇ. ಔಷಧಿ ತರಲು ಹೋಗಿದ್ದಾಳೆ ಅಂತ. ಎಷ್ಟೋ ತಿಂಗಳು ನಾನು ನಿನಗೆ ಏನು ಕಾಯಿಲೆ ಇರಬಹುದು ಅಂತ ಯೋಚಿಸುತ್ತಿದ್ದೆ.

ಕೊನೆಯ ಸ್ಟಾಪು ರೈಲ್ವೆ ಸ್ಟೇಷನ್ನು. ಇಳಿದು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಯಾರೂ ನನ್ನನ್ನು ಕರೆಯಲಿಲ್ಲ. ಒಂದು ಕಡೆ ಕೂತು ಯಾರಿಂದಲೂ ಕರೆಸಿಕೊಳ್ಳದೆ ಎಷ್ಟು ವರ್ಷವಾಗಿತ್ತು. ಎದುರಿನ ಅಂಗಡಿಯವನು ಪತ್ರಿಕೆಗಳನ್ನು ಜೋಡಿಸುವುದನ್ನು ನೋಡುತ್ತಾ ಕೂತೆ. ನನಗೆ ಸುಖವಾಗಿತ್ತು, ಅಮ್ಮ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಕ್ಕಳ ನೆನಪೇ ಆಗಲಿಲ್ಲ. ಆಮೇಲೆ ನಿನ್ನ ಕಾಗದ ಹೊರಗೆ ತೆಗೆದೆ. ವಿಳಾಸ ನೋಡಿದೆ. ಟಿಕೆಟ್ ಕಿಟಕಿಗೆ ಹೋಗಿ ನಿನ್ನ ಊರಿಗೆ ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದೆ. “ಐದೂಹತ್ತಕ್ಕೆ. ಒಬ್ಬರಾ?” ಅಂದ.

“ಒಬ್ಬಳೇ,” ಅಂದೆ.

ಟಿಕೆಟ್ ತೆಗೆದುಕೊಂಡೆ. ನಿನ್ನ ಬಾಗಿಲಲ್ಲಿ ನಿಂತು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನೀನು ಹೇಗೆ ಹೋದೆ ಅಂತ ಕೇಳಬೇಕು ಅನ್ನಿಸಿತ್ತು. ಯಾಕೆ ಅಂತ ಅಲ್ಲ, ಹೇಗೆ ಅಂತ. ಮೊದಲ ದಿನ ಎಲ್ಲಿ ಮಲಗಿದೆ, ಎರಡನೇ ದಿನ ಏನು ಮಾಡಿದೆ, ಯಾವತ್ತಿನಿಂದ ನಿದ್ದೆ ಬಂತು, ಇಂಥವು.

ಟೈಲರ್ ಮಾಮ ಫೋನು ಮಾಡಿದರು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮಕ್ಕಳು ಮತ್ತೆ ಏನೋ ಒಡೆದಿರಬೇಕು, ಒಡೆಯಲಿ ಅಂದುಕೊಂಡೆ. ಮೂರನೇ ಸಲ ಎತ್ತಿದೆ. ಅವರು ಜಾಸ್ತಿ ಮಾತಾಡುವವರಲ್ಲ. “ಎಲ್ಲಿದ್ರೂ ಬನ್ನಿ. ಸಣ್ಣೋನ ಕೈ ಸುಟ್ಟಿದೆ. ಆಸ್ಪತ್ರೆಗೆ ಎತ್ಕೊಂಡು ಹೋಗ್ತಿದೀನಿ” ಅಂದರು. ಅವರ ದನಿಯ ಹಿಂದೆ ಟಗರಿನ ಕೂಗು ಕೇಳುತ್ತಿತ್ತು.

ನಡೆದದ್ದು ಇಷ್ಟು. ನಾನು ಹೋದ ಮೇಲೆ ಚಿಕ್ಕಜ್ಜಿ, ಒಡೆದ ಸೆಟ್ಟನ್ನು ಅಂಟಿಸಿಬಿಟ್ಟರೆ ಅಮ್ಮನ ಸಿಟ್ಟು ಇಳಿಯುತ್ತದೆ ಅಂತ ನನ್ನ ಸ್ಟೂಲು ಹತ್ತಿ ಕೂತಿದ್ದಾಳೆ. ನಾನು ಮಾಡುವುದನ್ನು ದಿನವೂ ನೋಡಿದವಳು, ಮೇಣ ಕರಗಿಸಬೇಕು ಅಂತ ಅವಳಿಗೆ ಗೊತ್ತು. ಟಗರು ಪಕ್ಕದಲ್ಲಿ ಕುರ್ಚಿಯ ಮೇಲೆ ನಿಂತು ಸಹಾಯ ಮಾಡುತ್ತಿದ್ದ. ಕೈ ತಾಗಿ ದೀಪ ಉರುಳಿತು. ಸ್ಪಿರಿಟ್ ಮೇಜಿನ ಮೇಲೆ ಹರಿದು ಹೊತ್ತಿಕೊಂಡಿತು. ಅವಳು ಹಿಂದೆ ಸರಿದಳು. ಅವನು ಸರಿಯಲಿಲ್ಲ. ಒರೆಸಲಿಕ್ಕೆ ಅಂಗೈ ಚಾಚಿದ. ಏನಾದರೂ ಚೆಲ್ಲಿದರೆ ಓಡಿಹೋಗಬಾರದು, ಒರೆಸಬೇಕು ಅಂತ ಅವನಿಗೆ ಕಲಿಸಿದವಳು ನಾನು. ಎಷ್ಟು ಹೇಳಿದರೂ ಒಂದು ಮಾತನ್ನೂ ಕೇಳದ ಮಗು ಅದೊಂದನ್ನು ಕೇಳಿತ್ತು.

ಟೈಲರ್ ಮಾಮ ಕೂಗು ಕೇಳಿ ಕೆಳಗೆ ಓಡಿಬಂದು, ಬೀಗ ನೋಡಿ, ತಮ್ಮ ಇಸ್ತ್ರಿಪೆಟ್ಟಿಗೆಯಿಂದಲೇ ಚಿಲಕ ಒಡೆದಿದ್ದಾರೆ. ಅವರು ಬರುವಷ್ಟರಲ್ಲಿ ಚಿಕ್ಕಜ್ಜಿ ನನ್ನ ಒದ್ದೆ ಟವೆಲನ್ನು ಬೆಂಕಿಯ ಮೇಲೆ ಹಾಕಿ, ತಮ್ಮನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಅವನ ಕೈಯನ್ನು ನೀರಿನ ಕೆಳಗೆ ಹಿಡಿದಿದ್ದಳಂತೆ. ಅಡುಗೆಮನೆಯಲ್ಲಿ ಸಣ್ಣಪುಟ್ಟ ಸುಟ್ಟಗಾಯಕ್ಕೆ ನಾನು ಹಾಗೆ ಮಾಡುವುದನ್ನು ನೋಡಿದ್ದಳು. “ಆ ಮಗು ಇಲ್ದಿದ್ರೆ ಮೊಣಕೈವರೆಗೂ ಹೋಗ್ತಿತ್ತು” ಅಂದರು ಆಸ್ಪತ್ರೆಯಲ್ಲಿ. ಬಲ ಅಂಗೈ, ಮೂರು ಬೆರಳು. ತೊಡೆಯ ಚರ್ಮ ತೆಗೆದು ಹಾಕಿದ್ದಾರೆ. ಬೆರಳು ಪೂರ್ತಿ ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳುವುದಕ್ಕಾಗುವುದಿಲ್ಲವಂತೆ.

ನಮ್ಮೆಜಮಾನರು ಅವತ್ತು ಸಂಜೆಯೇ ಬಂದರು. ಆಸ್ಪತ್ರೆಯ ಉದ್ದ ಹಜಾರದಲ್ಲಿ ಮಗಳ ಮುಂದೆ ಮಂಡಿಯೂರಿ ಕೂತು, “ದೀಪ ಯಾರು ಹಚ್ಚಿದ್ದು ಪುಟ್ಟಾ?” ಅಂತ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

“ನಾನೇ,” ಅಂದಳು.

ಅವರು ಅವಳ ತಲೆ ಸವರಿದರು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗೆ ಜನ ಸಿಕ್ಕಿಹಾಕಿಕೊಂಡಾಗ, ಹೊರಗಿನಿಂದ ಮಾತಾಡಿಸಲು ಅವರಿಗೆ ಒಂದು ದನಿ ಇದೆ. ಹೆದರಬೇಡಿ, ಬಾಗಿಲು ತಳ್ಳಬೇಡಿ, ಸುಮ್ಮನೆ ಇರಿ ಅನ್ನುವ ದನಿ. ಹತ್ತು ದಿನದ ಮೇಲೆ, ಟಗರನ್ನು ಆಸ್ಪತ್ರೆಯಿಂದ ಬಿಟ್ಟ ದಿನ, ಅದೇ ದನಿಯಲ್ಲಿ ನನ್ನ ಹತ್ತಿರ ಮಾತಾಡಿದರು. “ಸ್ವಲ್ಪ ದಿನ ಮಕ್ಕಳು ನಮ್ಮಕ್ಕನ ಮನೇಲಿರ್ಲಿ. ಅಲ್ಲಿ ನೋಡ್ಕೊಳ್ಳೋಕೆ ಜನ ಇದಾರೆ. ನೀನೂ ಸುಧಾರಿಸ್ಕೋ.” ಎಷ್ಟು ದಿನ ಅಂತ ಕೇಳಿದೆ. “ನೋಡೋಣ” ಅಂದರು.

ಹಾಗಾಗಿ ಅಮ್ಮ, ‘ಮಕ್ಕಳು ಹೇಗಿದ್ದಾರೆ’ ಅನ್ನುವ ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ಅವರು ಇಲ್ಲಿಲ್ಲ. ನಾಲ್ಕು ವಾರವಾಯಿತು. ಮೇಲೆ ಬರೆದ ತುಂಟಾಟಗಳೆಲ್ಲ ಹಳೆಯವು. ಹೊಸದೇನಾದರೂ ಮಾಡುತ್ತಿದ್ದರೆ ಅದು ನಮ್ಮೆಜಮಾನರ ಅಕ್ಕನಿಗೆ ಗೊತ್ತು.

ಮನೆ ಈಗ ಚೊಕ್ಕವಾಗಿದೆ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಮೇಜು ತೊಳೆದು ಸುಟ್ಟ ಕಲೆಯ ಮೇಲೆ ಬಟ್ಟೆ ಹಾಸಿದ್ದೇನೆ. ಕೆಲಸವಿಲ್ಲ. ಸ್ನಾನಕ್ಕೆ ಹೋದಾಗ ಅಭ್ಯಾಸಬಲದಿಂದ ಬಾಗಿಲು ತೆರೆದಿಡುತ್ತೇನೆ, ಆಮೇಲೆ ಎದ್ದು ಬಂದು ಮುಚ್ಚುತ್ತೇನೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಯಸಿದ್ದೆಲ್ಲ ಸಿಕ್ಕಿದೆ. ಯಾರೂ ಕರೆಯುವುದಿಲ್ಲ.

ಮೇಷ್ಟ್ರು ಒಂದು ದಿನ ಮನೆ ಹುಡುಕಿಕೊಂಡು ಬಂದಿದ್ದರು. ಸನ್ಮಾನದ ದಿನ ಹಲ್ಲಿಲ್ಲದೆಯೇ ಮಾತಾಡಿದರಂತೆ, ಹುಡುಗರು ನಕ್ಕರಂತೆ, ತಾವೂ ನಕ್ಕರಂತೆ. ಮಗುವಿನ ಕೈ ಹೇಗಿದೆ ಅಂತ ಕೇಳಿದರು. ನಾನು ಕ್ಷಮೆ ಕೇಳಲು ಹೋದರೆ ಬಾಯಿಯ ಮುಂದೆ ಕೈ ಅಡ್ಡ ಹಿಡಿದುಕೊಂಡು “ಶುಮ್ನಿರಮ್ಮ” ಅಂದರು. ಅವರು ಹೋದ ಮೇಲೆ ಬಾಗಿಲಿಗೆ ಒರಗಿ ಅತ್ತೆ. ಈ ಆರು ವಾರದಲ್ಲಿ ಅತ್ತದ್ದು ಅದೊಂದೇ ಸಲ.

ಈಗ ನಾನು ನಿನ್ನನ್ನು ಒಂದು ಕೇಳಬೇಕು. ನೀನು ಹೋಗುವ ಹಿಂದಿನ ದಿನ ನಾನು, ತಮ್ಮ ಸೇರಿ ನಿನ್ನ ಬೀರುವಿನ ಕನ್ನಡಿ ಒಡೆದಿದ್ದೆವು. ಅವನು ಚೆಂಡೆಸೆದ, ನಾನು ಹಿಡಿಯಲಿಲ್ಲ. ನೀನು ಬೈಯಲಿಲ್ಲ. ಗಾಜಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಹೊರಗಿಟ್ಟೆ. ಮರುದಿನ ಬೆಳಿಗ್ಗೆ ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ಶಾಲೆಗೆ ಕಳಿಸಿದೆ. ಸಂಜೆ ಬಂದರೆ ನೀನಿರಲಿಲ್ಲ. ನನಗಾಗ ಏಳು ವರ್ಷ. ಇದು ಕನ್ನಡಿಯಿಂದ ಆದದ್ದು ಅಂತ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ತಮ್ಮನಿಗೆ ಹೇಳಲಿಲ್ಲ. ಅವನು ಸಣ್ಣವನು, ಅವನಿಗೆ ಗೊತ್ತಾಗುವುದು ಬೇಡ ಅಂದುಕೊಂಡೆ. ಅಪ್ಪನಿಗೂ ಹೇಳಲಿಲ್ಲ. ಮನೆಯಲ್ಲಿ ಏನೂ ಒಡೆಯದ ಹಾಗೆ, ಚೆಲ್ಲದ ಹಾಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ, ನೀನು ವಾಪಸು ಬಂದರೆ ಎಲ್ಲ ಸರಿಯಾಗಿರಬೇಕಲ್ಲ ಅಂತ. ಹಾಗೆ ಬೆಳೆದವಳ ಹೊಟ್ಟೆಯಲ್ಲಿ ಎಂಥ ಮಕ್ಕಳು ಹುಟ್ಟಿದರು ನೋಡು.

ದೊಡ್ಡವಳಾದ ಮೇಲೆ ಬುದ್ಧಿಗೆ ತಿಳಿಯಿತು, ಒಂದು ಕನ್ನಡಿಗೆ ಯಾರೂ ಮನೆ ಬಿಟ್ಟು ಹೋಗುವುದಿಲ್ಲ ಅಂತ. ಹೊಟ್ಟೆಯೊಳಗೆ ಇಳಿಯಲಿಲ್ಲ. ಈಗಲೂ ಗಾಜು ಒಡೆದ ಸದ್ದು ಕೇಳಿದರೆ ನಾನು ಮೊದಲು ನೋಡುವುದು ಬಾಗಿಲ ಕಡೆ.

ನೀನು ಬಾ ಅಂತ ಕರೆಯುತ್ತಿಲ್ಲ. ಬಂದರೆ ನಿನ್ನನ್ನು ಎಲ್ಲಿ ಕೂರಿಸಬೇಕು, ಏನಂತ ಮಾತಾಡಿಸಬೇಕು ನನಗೆ ತಿಳಿಯುವುದಿಲ್ಲ. ತಮ್ಮ ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಇವತ್ತಿಗೂ ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಆ ಬೆಂಚಿನ ಮೇಲೆ ಒಂದು ಗಂಟೆ ಕೂತೆದ್ದ ಮೇಲೆ, ಮೊದಲಿನ ಹಾಗೆ ನಿನ್ನನ್ನು ಶಪಿಸುವುದಕ್ಕೆ ನನ್ನ ಬಾಯಿ ಬರುತ್ತಿಲ್ಲ. ನನಗೆ ಬೇಕಾಗಿರುವುದು ಒಂದೇ ಸಾಲು. ಕನ್ನಡಿಯಿಂದ ಅಲ್ಲ ಅಂತ ಬರಿ. ಕನ್ನಡಿಯಿಂದಲೇ ಆಗಿದ್ದರೂ ಅಲ್ಲ ಅಂತ ಬರಿ. ದೊಡ್ಡವರು ಹೇಳದೆ ಬಿಟ್ಟರೆ ಮಕ್ಕಳು ತಮಗೆ ತಾವೇ ಏನೇನೋ ಹೇಳಿಕೊಂಡು, ಅದನ್ನೇ ಹೊತ್ತುಕೊಂಡು ಬೆಳೆಯುತ್ತಾರೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ನಿಂತು ಕೆಲಸ ಮಾಡುವಾಗ ಒಂದು ಕಾಲಿಗೆ ಸಣ್ಣ ಮಣೆ ಇಟ್ಟುಕೋ. ನನಗೂ ನಿಂತು ನಿಂತು ನೋವು ಶುರುವಾಗಿದೆ, ನಿನ್ನಿಂದಲೇ ಬಂದಿರಬೇಕು.

ಉತ್ತರ ಬರೆದರೂ ಸರಿ, ಬರೆಯದಿದ್ದರೂ ಕಾಯುತ್ತಿರುವ,
ನಿನ್ನ ದೊಡ್ಡವಳು

ಬರೆಯದೆ ಬಿಟ್ಟದ್ದು: ಲಕೋಟೆಗೆ ಅಂಟು ಹಚ್ಚಿದವಳು ಇದನ್ನೂ ಸೇರಿಸಲು ಮತ್ತೆ ಬಿಡಿಸಿದೆ. ದೀಪವನ್ನು ಚಿಕ್ಕಜ್ಜಿ ಹಚ್ಚಲಿಲ್ಲ. ಬೆಳಗಿನಿಂದ ಇನ್ನೊಂದು ಸೆಟ್ಟಿನ ಮೇಣದ ಕೆಲಸ ಮಾಡುತ್ತಿದ್ದೆ. ಉರಿಯುತ್ತಿದ್ದ ದೀಪವನ್ನು ಬಿಟ್ಟು ಹೋದವಳು ನಾನು. ಹಗಲು ಬೆಳಕಿನಲ್ಲಿ ಆ ಉರಿ ಕಾಣುವುದಿಲ್ಲ, ನೀಲಿ, ತೆಳ್ಳಗೆ. ನಮ್ಮ ಒಲೆ ಗುಂಡಿ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿದ್ದದ್ದು ಒಂದೇ ಬೆಂಕಿಪೆಟ್ಟಿಗೆ. ಆಸ್ಪತ್ರೆಯ ಹಜಾರದಲ್ಲಿ, ಅವರು ಮಗಳನ್ನು ಕೇಳುತ್ತಿದ್ದ ಹೊತ್ತಿಗೆ, ಅದು ನನ್ನ ಏಪ್ರನ್ನಿನ ಜೇಬಿನಲ್ಲಿತ್ತು, ನನ್ನ ಕೈ ಅದರ ಮೇಲಿತ್ತು. ಏಪ್ರನ್ ತೊಟ್ಟುಕೊಂಡೇ ಸ್ಟೇಷನ್ನಿಗೆ ಹೋಗಿದ್ದೆ, ಹಾಗೇ ಬಂದಿದ್ದೆ. ಅವಳು “ನಾನೇ” ಅಂದಳು, ಎಲ್ಲದಕ್ಕೂ ಅನ್ನುವ ಹಾಗೆ. ನಾನು ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಆರು ವಾರವಾಯಿತು. ಹೇಳಿದರೆ ಮಕ್ಕಳನ್ನು ವಾಪಸು ಕಳಿಸುವುದಿಲ್ಲ. ಭಾನುವಾರ ಭಾನುವಾರ ಬೆಳಿಗ್ಗೆ ಅವಳ ಹತ್ತಿರ ಫೋನಿನಲ್ಲಿ ಮಾತಾಡಿಸುತ್ತಾರೆ. ಈಗ ಅವಳಿಗೆ ಎಲ್ಲ ಚೆನ್ನಾಗಿ ನೆನಪಿದೆ, ಪೆಟ್ಟಿಗೆ ಎಲ್ಲಿತ್ತು, ಎಷ್ಟು ಕಡ್ಡಿ ಮುರಿದವು, ಹೇಗೆ ವಾಸನೆ ಬಂತು. ಇವತ್ತು ಬೆಳಿಗ್ಗೆ, “ಅಮ್ಮಾ, ಕಡ್ಡಿ ಗೀರಿದಾಗ ನಂಗೆ ಭಯ ಆಗಿತ್ತು, ಆದ್ರೂ ಗೀರ್ದೆ, ಅಲ್ವಾ?” ಅಂತ ಕೇಳಿದಳು. ನಾನು ಹೂಂ ಅಂದೆ.